ಸಣ್ಣ ಸಿಂಹದ ಪಾವಲಿ

ಕಪಾಟಿನ ಕೆಳಗಿನ ಖಾನೆಯಲ್ಲಿರುವ ಮರದ ತಟ್ಟೆಯನ್ನು ನೀವೆಲ್ಲ ನೋಡಿದ್ದೀರಿ. ಅದರ ಕುಳಿಗಳಲ್ಲಿ ಕೂತಿರುವವೆಲ್ಲ ನಿಕಲ್ ಪಾವಲಿಗಳು, ಅಂದರೆ ನಯಾಪೈಸೆ ಬರುವ ಮುಂಚಿನ ನಾಲ್ಕಾಣೆಗಳು. ಎಲ್ಲ ಒಂದೇ ಥರ ಇರುವಾಗ ಇಷ್ಟೊಂದು ಯಾಕೆ ಎಂದು ಹೋದ ರಜೆಯಲ್ಲಿ ಕೇಳಿದಿರಿ. ಬಾಯಿಬಿಟ್ಟು ವಿವರಿಸಿ ಹೇಳುವುದು ನನಗೆ ಒಗ್ಗದು, ಅದಕ್ಕೇ ಬರೆಯುತ್ತಿದ್ದೇನೆ.

ಅವು ಒಂದೇ ಥರ ಇಲ್ಲ. ಟಂಕಸಾಲೆಯಲ್ಲಿ ನಾಣ್ಯ ಒತ್ತುವ ಉಕ್ಕಿನ ಅಚ್ಚು ಸವೆಯುತ್ತದೆ, ಹೊಸದನ್ನು ಕೊರೆಯುತ್ತಾರೆ. ಒಂದೇ ಹೆಂಗಸು ಎರಡು ದಿನ ಹಾಕಿದ ರಂಗೋಲಿ ಹೇಗೆ ಪೂರ್ತಿ ಒಂದೇ ಆಗುವುದಿಲ್ಲವೋ ಹಾಗೆ ಇದೂ. ಒಂದು ಅಚ್ಚಿನಲ್ಲಿ ಅಶೋಕ ಸ್ತಂಭದ ಸಿಂಹ ದೊಡ್ಡದು, ಅಂಚಿನ ಅಕ್ಷರಗಳಿಗೆ ತಾಗುವಂತೆ ನಿಂತಿರುತ್ತದೆ. ಇನ್ನೊಂದರಲ್ಲಿ ಸಣ್ಣದು, ಸುತ್ತ ಬಯಲು ಉಳಿದಿರುತ್ತದೆ. ಒಂದೇ ಇಸವಿಯ ಪಾವಲಿಯಲ್ಲೂ ಈ ಭೇದ ಸಿಗುವುದುಂಟು.

ಈ ಹುಚ್ಚು ನಿಮ್ಮ ಅಜ್ಜನದು. ಹಾಳಾದ ರೇಡಿಯೋದಿಂದ ಬಿಚ್ಚಿದ ಅಯಸ್ಕಾಂತ ಅವರ ಜೇಬಿನಲ್ಲಿರುತ್ತಿತ್ತು, ಅಪ್ಪಟ ನಿಕಲ್ ಆದರೆ ಅದಕ್ಕೆ ಅಂಟುತ್ತದೆ. ಅವರ ಕಣ್ಣಿಗೆ ಪೊರೆ ಬಂದ ಮೇಲೆ ಸಿಂಹ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಎಳೆ ಎಣಿಸಿ ಕಸೂತಿ ಹಾಕಿದ ಕಣ್ಣು ನನ್ನದು, ತಟ್ಟನೆ ಗೊತ್ತಾಗುತ್ತಿತ್ತು. ಮಧ್ಯಾಹ್ನದ ಊಟವಾದ ಮೇಲೆ ಕಟ್ಟೆಯ ಮೇಲೆ ಕೂತು ಅವರು ಒಂದೊಂದಾಗಿ ನನ್ನ ಅಂಗೈಗೆ ಹಾಕುವುದು, ನಾನು ದೊಡ್ಡದು ಅಥವಾ ಸಣ್ಣದು ಅನ್ನುವುದು. ನಾವಿಬ್ಬರೂ ಮದುವೆಯಾದಾಗಿನಿಂದ ಅಷ್ಟು ಮಾತಾಡಿರಲಿಲ್ಲ.

ಒಂದು ಇಸವಿಯ ಸಣ್ಣ ಸಿಂಹ ಮಾತ್ರ ಸಿಗಲಿಲ್ಲ. ಶಿಗ್ಗಾಂವಿಯ ಸಂತೆಯಲ್ಲಿ ಹಳೆ ತಾಮ್ರ ಹಿತ್ತಾಳೆ ಹರವಿಕೊಂಡು ಕೂರುವವರ ಮುಂದೆ ಕುಕ್ಕರಗಾಲಲ್ಲಿ ಕೂತು ಹುಡುಕಿದರು. ಸವಣೂರಿನ ವೀಳ್ಯದೆಲೆ ವ್ಯಾಪಾರಿಗಳ ಹಳೆ ಡಬ್ಬಿಗಳನ್ನು ತೆರೆಸಿ ನೋಡಿದರು. ಆ ಕುಳಿ ಖಾಲಿಯೇ ಉಳಿಯಿತು, ಅವರು ಹೋದರು. ಹೋಗುವ ವಾರ ಕೂಡ ತಟ್ಟೆ ತರಿಸಿಕೊಂಡು ಆ ಕುಳಿಯ ಮೇಲೆ ಬೆರಳಾಡಿಸಿದ್ದರು. ಆಮೇಲೆ ನನಗೂ ಅದೇ ಹಂಬಲ ಹತ್ತಿತು.

ಹೋದ ಶ್ರಾವಣದಲ್ಲಿ ಹಂಸಭಾವಿಗೆ, ನಿಮ್ಮ ಅಜ್ಜನ ತಂಗಿಯ ಮನೆಗೆ ಹೋಗಿದ್ದೆ. ಶುಕ್ರವಾರ ಲಕ್ಷ್ಮೀ ಕೂಡಿಸಿದ್ದಳು. ಮರುದಿನ ಬೆಳಿಗ್ಗೆ ಕಲಶ ಕದಲಿಸಿ, ನೀರನ್ನು ಚರಿಗೆಗೆ ಬಗ್ಗಿಸುವಾಗ ತಳದಿಂದ ಒಂದು ನಾಣ್ಯ ಹೊರಬಂತು. ಅರಿಷಿಣ ಕುಂಕುಮ ವರ್ಷ ವರ್ಷ ಮೆತ್ತಿ ಮೆತ್ತಿ ಕೆಂಪು ಬಿಲ್ಲೆಯಂತಾಗಿತ್ತು. ತನ್ನ ಮದುವೆಯಲ್ಲಿ ಅವ್ವ ಉಡಿಯಲ್ಲಿ ಹಾಕಿದ ಪಾವಲಿ ಎಂದಳು. ಲಕ್ಷ್ಮಿಯ ಕುಂಕುಮವನ್ನು ತಿಕ್ಕಬಾರದೆಂದು ಎಂದೂ ಹುಣಸೆಹಣ್ಣು ಹಚ್ಚಿರಲಿಲ್ಲವಂತೆ. ಸಿಂಹದ ಹಿಂಬದಿ, ಗೋಧಿ ತೆನೆಗಳ ನಡುವೆ ಇಸವಿ ಇರುವ ಕಡೆ, ಮೆತ್ತಿದ್ದು ರಾತ್ರಿಯ ನೀರಿಗೆ ಸ್ವಲ್ಪ ಉದುರಿತ್ತು. ಕನ್ನಡಕ ಏರಿಸಿ ನೋಡಿದೆ. ಅದೇ ಇಸವಿ.

ಸಿಂಹದ ಬದಿ ಪೂರ್ತಿ ಮುಚ್ಚಿತ್ತು. ಕೇಳಲೋ ಬೇಡವೋ ಎಂದು ಒದ್ದಾಡಿದೆ. ನನ್ನ ಮುಖ ನೋಡಿ ಅವಳೇ ಕೇಳಿದಳು, ಹೇಳಬೇಕಾಯಿತು.

"ಕುಂಕುಮ ತಿಕ್ಕಬಾರದು ಖರೆ," ಎಂದಳು. ಚರಿಗೆಯನ್ನು ಹತ್ತಿರ ಎಳೆದುಕೊಂಡು, "ಆದ್ರ ಕಲಶದ ನೀರಿನ್ಯಾಗ ಇನ್ನಷ್ಟ ನೆನಿಲಿ ವೈನಿ. ಅಕಿ ನೀರಿನ್ಯಾಗ ಅಕಿ ಕುಂಕುಮ ತಾನ ಬಿಟ್ರ ನಾವೇನ್ ಮಾಡೂಣು?"

ನೆನೆಯಲು ಇಟ್ಟು ಉಪ್ಪಿಟ್ಟು ತಿಂದೆವು. ನನಗೆ ರುಚಿ ಹತ್ತಲಿಲ್ಲ. ಆಮೇಲೆ ಬೆರಳ ತುದಿಯಿಂದ ಮೆಲ್ಲಗೆ ಸವರಿದೆ. ಮೊದಲು ಅಂಚಿನ ಅಕ್ಷರ ಕಂಡಿತು, ನಂತರ ಬಯಲು, ಇನ್ನೂ ಬಯಲು, ಆಮೇಲೆ ಕಿವಿ. ಸಣ್ಣ ಸಿಂಹ. ಅಷ್ಟು ದಿನ ಕುಂಕುಮದೊಳಗೆ ಇದ್ದದ್ದಕ್ಕೋ ಏನೋ, ಕೂದಲಿನ ಗೀರುಗಳು ಕೂಡ ಮಾಸಿರಲಿಲ್ಲ.

"ನಮ್ಮಣ್ಣ ಊರೂರ ತಿರಗ್ಯಾನ," ಎಂದು ಅವಳು ನಕ್ಕಳು. "ತಂಗಿ ಮನ್ಯಾಗಿನ ಕಲಶದಾಗ ಕೈ ಹಾಕಿ ನೋಡ್ಲಿಲ್ಲ."

ನಾನೂ ನಕ್ಕೆ, ಆದರೆ ಮನಸ್ಸು ಭಾರವಾಯಿತು. ಕಲಶದ ದುಡ್ಡು ಮನೆ ಬಿಟ್ಟು ಹೋಗುವಂತಿಲ್ಲ. ಮಾರುವಂತಿಲ್ಲ, ಬದಲು ಕೊಡುವಂತಿಲ್ಲ. ಹೋದರೆ ಒಬ್ಬ ಹೆಣ್ಣುಮಗಳ ಉಡಿಯಲ್ಲಿ ಹೋಗಬೇಕು. ಗಂಡ ತೀರಿಕೊಂಡವಳಿಗೆ ನಮ್ಮಲ್ಲಿ ಉಡಿ ತುಂಬುವುದಿಲ್ಲ. ನೋಡಿದ್ದೇ ಸಾಕೆಂದುಕೊಂಡು ನಾಣ್ಯವನ್ನು ಒರೆಸಿ ಅವಳ ಕೈಗೆ ಕೊಟ್ಟು, ಚೀಲ ತಗೊಂಡು ಎದ್ದೆ.

ಅವಳು ಒಳಗಿನಿಂದ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ತಂದಳು. ಮೇಲೆ ಪಾವಲಿ.

"ಸೆರಗ ಒಡ್ಡ್ರಿ ವೈನಿ."

ನನಗೆ ಹಾಗೆಲ್ಲ ಮಾಡಬಾರದು, ಮಂದಿ ಏನಂದಾರು ಎಂದೆ.

"ಮಂದಿ ಎಲ್ಲಿ ಅದಾರ ಇಲ್ಲಿ? ನಮ್ಮವ್ವ ನನಗ ಕೊಟ್ಟಿದ್ದು, ನಾ ನಮ್ಮವ್ವನ ಸೊಸಿಗೆ ಕೊಡಾಕತ್ತೇನಿ. ಇದರಾಗ ನಮ್ಮಣ್ಣ ಇದ್ದರೇನು, ಇರದಿದ್ದರೇನು? ಒಡ್ಡ್ರಿ, ಬಸ್ಸು ತಪ್ಪತೈತಿ."

ಒಡ್ಡಿದೆ. ಐದು ಸಲ ಬೊಗಸೆ ತುಂಬಿ ಹಾಕಿದಳು. ಪಾವಲಿ ಅಕ್ಕಿಯೊಳಗೆ ಇಳಿದು ಕಾಣದಾಯಿತು.

ಊರಿಗೆ ಮರಳುವ ಹಾನಗಲ್ಲಿನ ಬಸ್ಸಿನಲ್ಲಿ ಎರಡೂ ಕೈಯಿಂದ ಸೆರಗು ಹಿಡಿದುಕೊಂಡು ಕೂತೆ. ಚೀಟಿ ಕೊಡುವಾಗ ಕಂಡಕ್ಟರ್ ಆಧಾರ್ ಕಾರ್ಡು ಕೇಳಿದ, ಅದು ಚೀಲದ ತಳದಲ್ಲಿ. ಪಕ್ಕದ ಹೆಂಗಸೇ ತೆಗೆದು ತೋರಿಸಿದಳು. ಅವಳ ಕಣ್ಣು ನನ್ನ ಬೋಳು ಹಣೆಗೆ ಹೋಗಿ, ಅಲ್ಲಿಂದ ತುಂಬಿದ ಉಡಿಗೆ ಬಂತು. ಈಗ ಏನು ಕೇಳುತ್ತಾಳೋ ಎಂದು ತಲೆ ತಗ್ಗಿಸಿದೆ.

"ತವರಿಗೆ ಹೋಗಿದ್ರೇನ್ರಿ, ಅವ್ವಾರ?" ಎಂದಳು.

"ಹೂಂನ್ರಿ," ಎಂದೆ.