ನಿಲ್ಲಲು ಅಪ್ಪಣೆ ಕೇಳಿದ ಯಂತ್ರ

ಕೊರೊನಾ ಕಳೆದ ಮರುವರ್ಷ. ನಾನಾಗ ಚಿತ್ರದುರ್ಗದಲ್ಲಿ ಆಟೊಮೇಷನ್ ಅಂಗಡಿ ಇಟ್ಟುಕೊಂಡಿದ್ದೆ. ಹಿರಿಯೂರು, ಹೊಳಲ್ಕೆರೆ ಕಡೆಯ ಮಿಲ್ಲುಗಳ ಯಂತ್ರಗಳಿಗೆ ಮೈಕ್ರೊಕಂಟ್ರೋಲರ್ ಕೂರಿಸುವುದು ನನ್ನ ಕಸುಬು. ಅದು ಅಂಗೈಯಗಲದ ಬೋರ್ಡಿನ ಮೇಲಿರುವ ಪುಟ್ಟ ಕಂಪ್ಯೂಟರ್. ಮೋಟಾರು ಎಷ್ಟು ಬಿಸಿಯಾಗಿದೆ, ಎಷ್ಟು ಕರೆಂಟು ಎಳೆಯುತ್ತಿದೆ ಎಂಬುದನ್ನು ಅಳೆದು ಇಂಟರ್‌ನೆಟ್ ಮೂಲಕ ವೆಬ್ ಸರ್ವರ್‌ಗೆ ಕಳಿಸುತ್ತದೆ. ಮಾಲೀಕರು ಎಲ್ಲಿದ್ದರೂ ಮೊಬೈಲಿನಲ್ಲಿ ನೋಡಿಕೊಳ್ಳಬಹುದು. ಒಳ್ಳೆಯ ಸವಲತ್ತೇ, ಕೆಡಿಸುವವರು ಇಲ್ಲದಿದ್ದರೆ.

ಹೊಸದುರ್ಗದ ಹತ್ತಿರದ ಒಂದು ತೆಂಗಿನ ನಾರಿನ ಕಾರ್ಖಾನೆಗೂ ಹೀಗೆ ಬೋರ್ಡು ಹಾಕಿಕೊಟ್ಟಿದ್ದೆ. ಅಲ್ಲಿ ಹೆಂಗಸರು ಬೆಲ್ಟಿನ ಮೇಲೆ ಸಿಪ್ಪೆ ಸುರಿಯುತ್ತಾರೆ, ರೋಲರ್‌ಗಳು ಅದನ್ನು ಒಳಗೆಳೆದು ಜಜ್ಜುತ್ತವೆ. ಬೆಲ್ಟಿನ ಪಕ್ಕದ ಕೆಂಪು ಬಟನ್ ಒತ್ತಿದರೆ ಮೋಟಾರಿನ ಕರೆಂಟು ಆ ಕ್ಷಣವೇ ಕಡಿದುಹೋಗಬೇಕು. ಆ ಬಟನ್ನಿನ ವೈರನ್ನು ನಾನು ನೇರವಾಗಿ ಎಳೆದಿದ್ದೆ, ಬೋರ್ಡಿನ ಹತ್ತಿರಕ್ಕೂ ಬಿಟ್ಟಿರಲಿಲ್ಲ.

ಆಯುಧಪೂಜೆಗೆ ಕರೆದರು, ಹೋದೆ. ಯಂತ್ರದ ಮುಂದೆ ಮಣೆ ಹಾಕಿ ಸ್ಪ್ಯಾನರ್, ಸುತ್ತಿಗೆ, ಮಚ್ಚು ಎಲ್ಲಕ್ಕೂ ಕುಂಕುಮ ಹಚ್ಚಿದ್ದರು. ನೋಡಿದರೆ, ಅವುಗಳ ನಡುವೆ ಇಂಟರ್‌ನೆಟ್ಟಿನ ರೂಟರ್ ಕೂಡ ವೈರ್ ಕಳಚಿಕೊಂಡು ಚೆಂಡುಹೂ ಮುಡಿದು ಕೂತಿದೆ!

"ಇದ್ಯಾಕಪ್ಪ ರಂಗಪ್ಪ?" ಎಂದು ಆಪರೇಟರನ್ನು ಕೇಳಿದೆ.

"ಅದೂ ವರ್ಷೆಲ್ಲ ದುಡಿತೈತಲ್ಲ ಸಾರ್. ಅದ್ಕೂ ಪೂಜೆ ಬ್ಯಾಡೇನ್ರಿ?"

ನಕ್ಕುಬಿಟ್ಟೆ. ದಿನವೂ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಕೆಲಸ ಮಾಡುವ ಹೆಂಗಸರು ಅಂದು ಅಂಗಿ ಬಿಟ್ಟು ಹೊಸ ಸೀರೆಯಲ್ಲಿ ಬಂದಿದ್ದರು. ಮಂಗಳಾರತಿ ಆದಮೇಲೆ ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸುವುದು ಪದ್ಧತಿ. ರಂಗಪ್ಪ ಸ್ವಿಚ್ ಹಾಕಿದ. ಸಿಪ್ಪೆ ಸುರಿಯುವ ರತ್ನಮ್ಮ ಬೆಲ್ಟಿಗೆ ಹೂ ಹಾಕಲು ಬಗ್ಗಿದಳು. ಸೆರಗು ರೋಲರ್‌ಗೆ ಸಿಕ್ಕಿತು.

ರಂಗಪ್ಪ ಕೆಂಪು ಬಟನ್ ಗುದ್ದಿದ. ಮತ್ತೆ ಗುದ್ದಿದ.

"ನಿಂತ್ಕಳ್ತಿಲ್ಲ ಸಾರ್!"

ನಾನು ಮೇನ್ ಸ್ವಿಚ್ಚಿನ ಕೋಣೆಗೆ ಓಡಿದೆ. ಅದನ್ನು ಆರಿಸಿ ಬರುವಷ್ಟರಲ್ಲಿ ರತ್ನಮ್ಮನ ಜೊತೆಗಾತಿ ತಿಮ್ಮಕ್ಕ ಮಣೆಯ ಮೇಲಿದ್ದ ಮಚ್ಚು ಎತ್ತಿ ಸೆರಗನ್ನು ಕಡಿದುಹಾಕಿದ್ದಳು. ರತ್ನಮ್ಮನ ತೋಳಿನ ಚರ್ಮ ಸುಲಿದಿತ್ತು. ಪುಣ್ಯಕ್ಕೆ ಕೈ ಉಳಿಯಿತು.

ಅವಳನ್ನು ಆಸ್ಪತ್ರೆಗೆ ಕಳಿಸಿ, ವೈರುಗಳಿರುವ ಪ್ಯಾನಲ್ ಪೆಟ್ಟಿಗೆ ತೆಗೆದೆ. ನಾನು ಹಾಕಿದ್ದ ವೈರನ್ನು ಯಾರೋ ಕತ್ತರಿಸಿ ಬೋರ್ಡಿಗೆ ಜೋಡಿಸಿದ್ದರು. ಬಟನ್ ಒತ್ತಿದರೆ ಸಂದೇಶ ಸರ್ವರ್‌ಗೆ ಹೋಗಬೇಕು, ಅಲ್ಲಿಂದ ಸೂಪರ್‌ವೈಸರ್ ಮೊಬೈಲಿಗೆ ಬರಬೇಕು, ಅವನು ಕಾರಣ ಆರಿಸಿ ಒಪ್ಪಬೇಕು, ಆಮೇಲೆ ಯಂತ್ರ ನಿಲ್ಲಬೇಕು. ಓಡಿಸಲು ನೆಟ್ ಬೇಡ, ನಿಲ್ಲಿಸಲು ಬೇಕು! ಇವರ ತಲೆಗಿಷ್ಟು!

ಮಾಲೀಕರನ್ನು ಕೇಳಿದರೆ ಅವರು ಕಣ್ಣು ಕೂಡ ತಗ್ಗಿಸಲಿಲ್ಲ. "ಸುಮ್‌ಸುಮ್ನೆ ನಿಲ್ಲಿಸ್ತಾರೆ ಅಂತ ಬೇರೆಯವ್ರ ಕೈಲಿ ಹಂಗೆ ಮಾಡಿಸ್ದೆ. ತಪ್ಪು ರಂಗಪ್ಪಂದು. ರೂಟರ್ ಕಿತ್ತೋನು ಅವ್ನೇ ತಾನೆ? ನೀವು ಹಂಗಂತ ಬರ್ಕೊಡ್ರಿ ಸಾಕು. ನಾಳೆಯಿಂದ ಅವ್ನು ಬರಾದು ಬ್ಯಾಡ."

ರಂಗಪ್ಪ ಮೂಲೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಹೂ ಇಟ್ಟವನು ತಪ್ಪಿತಸ್ಥ, ಹೆಣ್ಣುಮಗಳ ಕೈಯನ್ನು ಮೊಬೈಲಿನ ಅಪ್ಪಣೆಗೆ ಒತ್ತೆಯಿಟ್ಟವರು ದೊಡ್ಡಮನುಷ್ಯರು! ನೆಟ್ ಹೋಗಲು ಪೂಜೆಯೇ ಬೇಕೆ? ಜೋರಾಗಿ ಗಾಳಿ ಬೀಸಿದರೂ ಹೋಗುತ್ತದೆ.

"ಬರೆದುಕೊಡ್ತೀನಿ," ಎಂದೆ. "ಈ ವೈರ್ ಕತ್ತರಿಸಿದ್ದು ಯಾರು, ಕತ್ತರಿಸು ಅಂದಿದ್ದು ಯಾರು, ಎರಡನ್ನೂ ಬರೀತೀನಿ. ಅದು ಕಾರ್ಖಾನೆ ಇನ್‌ಸ್ಪೆಕ್ಟರ್ ಕೈಗೂ ಹೋಗುತ್ತೆ. ಇನ್ನು ರಂಗಪ್ಪನ ಸುದ್ದಿಗೆ ಬಂದು ನೋಡಿ!"

ಅವರು ಹೊರಗೆ ಹೋದರು. ಅಲ್ಲೇ ಕೂತು ಬಟನ್ನಿಗೆ ಮತ್ತೆ ನೇರ ವೈರ್ ಎಳೆದೆ. ರೂಟರ್ ಇನ್ನೂ ಮಣೆಯ ಮೇಲೇ ಇತ್ತು. ಯಂತ್ರ ಓಡಿಸಿ, ತಿಮ್ಮಕ್ಕನನ್ನು ಕರೆದು ಬಟನ್ ಒತ್ತಿಸಿದೆ. ಯಂತ್ರ ಗಕ್ಕನೆ ನಿಂತಿತು.

ಅಂದಿನಿಂದ ಎಲ್ಲೇ ಬೋರ್ಡು ಹಾಕಿದರೂ ನೆಟ್ಟಿನ ವೈರ್ ಕಿತ್ತಿಟ್ಟು, ಯಂತ್ರಕ್ಕೆ ಎಲ್ಲರಿಗಿಂತ ಹತ್ತಿರ ನಿಲ್ಲುವವರ ಕೈಯಿಂದ ಕೆಂಪು ಬಟನ್ ಒತ್ತಿಸುತ್ತೇನೆ. ಮೊಬೈಲಿನ ಚಂದವನ್ನೆಲ್ಲ ಮಾಲೀಕರಿಗೆ ಆಮೇಲೆ ತೋರಿಸುತ್ತೇನೆ. ವರದಿ ಒಪ್ಪಿಸುವುದಷ್ಟೇ ಸರ್ವರ್ ಕೆಲಸ, ಜೀವ ಉಳಿಸುವ ಕೆಲಸವನ್ನು ಅದಕ್ಕೆ ಒಪ್ಪಿಸಬಾರದು.

ಮರುವರ್ಷದ ಪೂಜೆಗೂ ಹೋಗಿದ್ದೆ. ರೂಟರ್ ಹೂ ಮುಡಿದು ಮಣೆಯ ಮೇಲೆ ಕೂತಿತ್ತು. ಇಡು ಅಂತ ನಾನೇ ಹೇಳಿದ್ದೆ. ರಂಗಪ್ಪ ಸ್ವಿಚ್ ಹಾಕಿದ. ಹೊಸ ಸೀರೆಯ ಮೇಲೆ ಹಳೇ ಅಂಗಿ ತೊಟ್ಟಿದ್ದ ರತ್ನಮ್ಮ, ಬೇರೆ ಯಾರನ್ನೂ ಹತ್ತಿರ ಬಿಡದೆ, ಕಲೆಯಿದ್ದ ಕೈಯಿಂದಲೇ ಬಟನ್ ಒತ್ತಿದಳು.

"ನಿಂತ್ಕಂತು," ಎಂದಳು. "ಈಗ ಓಡ್ಸಪ್ಪ ರಂಗಪ್ಪ."