ಕಣ್ಣಿಲ್ಲದ ಗಿಳಿಗಳಿಗೆ ‘ಸೂಪರ್’ ಅಂದವಳು

ಚಹಾ ಕುಡಿದವರು ‘ಸೂಪರ್’ ಅನ್ನದೆ ಲೋಟ ಕೆಳಗಿಟ್ಟು ಎದ್ದು ಹೋಗುತ್ತಿದ್ದ ಕಾಲವೊಂದಿತ್ತು. ‘ಇನ್ನೊಂದು ತೊಟ್ಟು ಹಾಕವ್ವ’ ಅಂದರೆ ಚೆನ್ನಾಗಿದೆ ಅಂತ. ಸುಮ್ಮನೆ ಕುಡಿದರೆ ಪರವಾಗಿಲ್ಲ ಅಂತ. ‘ಸಕ್ರೆ ಡಬ್ಬಿ ಕೈಗೆ ಸಿಗಲಿಲ್ವೇನೋ’ ಅಂದರೆ ಅವ್ವ ನಾಚಿಕೊಂಡು ಮುಂದಿನ ಸಲ ಸರಿಯಾಗಿ ಮಾಡುತ್ತಿದ್ದಳು.

ಈಗ ಎಲ್ಲದಕ್ಕೂ ಆ ಒಂದೇ ಮಾತು. ಉಪ್ಪಿಟ್ಟು ಸೂಪರ್, ಗೋಡೆಯ ಬಣ್ಣ ಸೂಪರ್, ತೊಟ್ಟಿಲ ಕೂಸೂ ಸೂಪರ್. ಮೊನ್ನೆ ನಮ್ಮ ಬೀದಿಯ ಹಿರಿಯರೊಬ್ಬರು ತೀರಿಕೊಂಡರು. ಅವರ ಫೋಟೋವನ್ನು ವಾಟ್ಸಾಪ್‌ಗೆ ಹಾಕಿದರೆ ಒಬ್ಬ ಮಹಾನುಭಾವ ಅದರ ಕೆಳಗೂ ‘ಸೂಪರ್’ ಅಂತ ಬರೆದ. ನೋಡದೆ ಬರೆದ ಮುಟ್ಠಾಳ ಅಂತ ಎಲ್ಲರೂ ಉಗಿದರು. ನಾನು ಉಗಿಯಲಿಲ್ಲ. ಆ ಮಾತು ಇರುವುದೇ ನೋಡದೆ ಹೇಳುವುದಕ್ಕೆ. ನಿಜವಾಗಿ ನೋಡಿದವರ ಬಾಯಲ್ಲಿ ಬೇರೆ ಏನಾದರೂ ಬರುತ್ತದೆ.

ನಾನು ಓದಿದ್ದು ಆರನೇ ಕ್ಲಾಸು. ಇಂಗ್ಲೀಷಿನ ಮಾತಿನ ಬಗ್ಗೆ ಇವಳದೇನು ಕೊಸರಾಟ ಅಂತ ನೀವು ಕೇಳಬಹುದು. ಬೇರೆ ಮಾತುಗಳ ಬಗ್ಗೆ ನನಗೆ ಗೊತ್ತಿಲ್ಲ. ಈ ಒಂದು ಮಾತಿನ ಬಗ್ಗೆ ಗೊತ್ತು. ಮೊಳಕಾಲ್ಮೂರಿನ ನಮ್ಮ ಮನೆಯೊಳಕ್ಕೆ ಅದನ್ನು ತಂದವಳೇ ನಾನು. ಅದೂ ಆ ಮಹಾನುಭಾವನ ಹಾಗೆ ನೋಡದೆ ಹೇಳಲಿಲ್ಲ. ಚೆನ್ನಾಗಿ ನೋಡಿ ಹೇಳಿದೆ.

ನಮ್ಮದು ಎರಡು ಮಗ್ಗದ ಮನೆ. ನೆಲದಲ್ಲಿ ಗುಂಡಿ ತೋಡಿ, ಕಾಲು ಇಳಿಬಿಟ್ಟು ಕೂರುವ ಮಗ್ಗಗಳು. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ತಾತ. ಮನೆ ತುಂಬ ರೇಷ್ಮೆ ನೂಲಿನ ಹಸಿ ವಾಸನೆ, ಗಂಜಿಯ ವಾಸನೆ, ಅವುಗಳ ಮೇಲೆ ಅವ್ವ ಚಟ್ನಿಗೆ ಹುರಿಯುವ ಶೇಂಗಾದ ವಾಸನೆ. ನಾನು ಮತ್ತು ನನ್ನ ತಂಗಿ ಪಾರಿ ಕಂಡಿಕೆಗೆ ನೂಲು ಸುತ್ತುತ್ತಾ, ಬಿಡುವಾದಾಗ ಬಾಗಿಲ ಮುಂದೆ ಕುಂಟೆಬಿಲ್ಲೆ ಆಡುತ್ತಾ ಬೆಳೆದೆವು.

ರೇಷ್ಮೆ ಸೀರೆ ನೇಯುವಾಗ ನಮ್ಮಲ್ಲಿ ಅದರ ಮುಖ ಕೆಳಗಿರುತ್ತಿತ್ತು. ನೇಯುವವರಿಗೆ ಕಾಣುವುದು ಬೆನ್ನು, ಅಂದರೆ ಅಡ್ಡಾದಿಡ್ಡಿ ಬಿಟ್ಟ ಬಣ್ಣದ ಎಳೆಗಳು. ಹೂವೋ ಗಿಳಿಯೋ ಸರಿಯಾಗಿ ಬಂತೇ ಅಂತ ತಿಳಿಯಲು ಸೀರೆಯ ಕೆಳಗೆ ಕನ್ನಡಿ ತೂರಿಸಿ ನೋಡಬೇಕು. ದಿನಾ ಸಂಜೆ, ಅಂದು ನೇಯ್ದದ್ದನ್ನು ಮಗ್ಗದ ಮುಂದಿನ ಮರದ ದಿಂಡಿಗೆ ಸುತ್ತುವ ಮುಂಚೆ, ಮನೆಯಲ್ಲಿ ಇನ್ನೊಬ್ಬರು ಮೊಣಕಾಲೂರಿ ಕನ್ನಡಿ ಹಿಡಿಯುತ್ತಿದ್ದರು. ನೇಯ್ದವರೇ ನೋಡುವ ಹಾಗಿರಲಿಲ್ಲ. ‘ನೇಯ್ದ ಕಣ್ಣಿಗೆ ತಪ್ಪು ಕಾಣಂಗಿಲ್ಲ’ ಅನ್ನುವುದು ತಾತನ ಮಾತು. ತಪ್ಪಿದ್ದರೆ ಕನ್ನಡಿ ಹಿಡಿದವರು ‘ಬಿಚ್ಚು’ ಅನ್ನಬೇಕು. ಇಲ್ಲದಿದ್ದರೆ ‘ಸುತ್ತು’ ಅನ್ನಬೇಕು. ಅಷ್ಟೇ. ಒಮ್ಮೆ ಸುತ್ತಿದರೆ ಸೀರೆ ಮಗ್ಗದಿಂದ ಇಳಿಯುವ ತನಕ ಅದರ ಮುಖ ಯಾರಿಗೂ ಕಾಣುವುದಿಲ್ಲ.

ಹೊಗಳುವುದಂತೂ ಇಲ್ಲವೇ ಇಲ್ಲ. ಯಾರಾದರೂ ಮಗ್ಗದ ಮುಂದೆ ನಿಂತು ಚೆಂದ ಐತೆ ಅಂದರೆ ಅಜ್ಜಿ ಅಲ್ಲೇ ತಡೆಯುತ್ತಿದ್ದಳು. ಅವಳದು ಅರ್ಧ ತೆಲುಗು, ಅರ್ಧ ಕನ್ನಡ. “ದಿಷ್ಟಿ ತಗುಲುತುಂದಿ. ತೊಟ್ಟಿಲ ಕೂಸ್ನ, ಮಗ್ಗದ ಮ್ಯಾಲಿನ ಸೀರೆನ ಹೊಗಳಬಾರ್ದು. ಕಣ್ಣು ಬೀಳ್ತೈತೆ.”

ನನಗೆ ಹದಿನಾರು ತುಂಬಿದ ವರ್ಷ ತಾತ ತೀರಿಕೊಂಡ. ಅದೇ ಬೇಸಿಗೆಯಲ್ಲಿ ಚಳ್ಳಕೆರೆಯ ಸೋದರತ್ತೆ, ಬಾಣಂತಿ ಸೊಸೆಯ ನೆರವಿಗೆ ಅಂತ ನನ್ನನ್ನು ಒಂದು ತಿಂಗಳು ಕರೆಸಿಕೊಂಡಳು. ಅವರ ಮನೆ ಎಣ್ಣೆ ಮಿಲ್ಲಿನ ಹಿಂದೆ. ಅನ್ನ, ಹಾಸಿಗೆ, ತಲೆದಿಂಬು ಎಲ್ಲಕ್ಕೂ ಶೇಂಗಾ ಹಿಂಡಿಯ ವಾಸನೆ. ನಾನು ಪಾತ್ರೆ ಉಜ್ಜಿದೆ, ಬಾಣಂತಿಯ ಬಟ್ಟೆ ಒಗೆದೆ. ಅತ್ತೆಯ ಮಗಳು ಮಾತ್ರ ಟಿವಿ ಮುಂದೆ ಕಾಲು ಚಾಚಿ ಕೂತಿರುತ್ತಿದ್ದಳು. ಆ ಮಾತನ್ನು ನಾನು ಕಲಿತದ್ದು ಅವಳಿಂದ. ಒಂದು ದಿನ ನನ್ನ ಹಳೆ ಲಂಗದ ಹರಿದ ಅಂಚಿಗೆ ಜರಿ ಚೂರು ಹೊಲಿದು, “ನೋಡು, ಹೆಂಗೈತೆ?” ಅಂತ ಅವಳ ಮುಂದೆ ನಿಂತೆ. ಟಿವಿಯಿಂದ ಕಣ್ಣು ತೆಗೆಯದೆ “ಸೂಪರ್” ಅಂದಳು. ನನಗೆ ಎದೆ ತುಂಬಿ ಬಂತು. ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು, ಅವಳು ನೋಡಿಯೇ ಇರಲಿಲ್ಲ. ಆದರೂ ಆ ಖುಷಿ ಸಂಜೆ ತನಕ ಹೋಗಲಿಲ್ಲ. ಎಂಥ ಅಗ್ಗದ ಮಾತು, ಎಷ್ಟು ಆಳಕ್ಕೆ ಇಳಿಯುತ್ತದೆ ಅಂತ ಆವತ್ತೇ ತಿಳಿದುಕೊಂಡೆ.

ಊರಿಗೆ ಬಂದಾಗ ತಾತನ ಮಗ್ಗದ ವಿಷಯ ನಡೆದಿತ್ತು. ನಮಗೆ ನೂಲು ಕೊಟ್ಟು ಸೀರೆ ತೆಗೆದುಕೊಳ್ಳುತ್ತಿದ್ದ ಸಾವ್ಕಾರರು ಅಪ್ಪನಿಗೆ ಹೇಳಿದ್ದರು: “ಇಬ್ರು ಹುಡುಗೀರೂ ಒಂದೊಂದು ಸೀರೆ ನೇಯ್ಲಿ. ಯಾರ್ದು ಸಾಪಾಗಿ ಬರ್ತೈತೋ ಅವಳ ಮಗ್ಗಕ್ಕೆ ನೂಲು ಕೊಡ್ತೀನಿ.” ಮಗ್ಗ ಸಿಗದವಳು ಚಳ್ಳಕೆರೆಗೆ ಹೋಗಿ ಅತ್ತೆಯ ಮನೆಗೆಲಸಕ್ಕೆ ನಿಲ್ಲಬೇಕು ಅಂತ ಮನೆಯಲ್ಲಿ ಮಾತಾಯಿತು. ಪಾರಿಗೆ ಆಗ ಹದಿನಾಲ್ಕು. ಚಳ್ಳಕೆರೆ ಎಂಥದು ಅಂತ ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮೊದಲು ನಾನು ಕೂತೆ. ಮಾವಿನಕಾಯಿ ಬುಟ್ಟಾದ ಸೀರೆ. ಸಂಜೆ ಪಾರಿ ಕನ್ನಡಿ ಹಿಡಿಯುತ್ತಿದ್ದಳು. ಅವಳಿಗೆ ಅದೂ ಆಟ. ಮೊದಲು ಕಿಟಕಿಯ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಅಜ್ಜಿಯ ಮೂಗಿನ ಮೇಲೆ ಕುಣಿಸುತ್ತಿದ್ದಳು. “ಲೇ ಕೋತಿ, ಕಣ್ಣು ಕುಕ್ತೈತೆ” ಅಂತ ಅಜ್ಜಿ ಬೈದ ಮೇಲೆ ಬಗ್ಗಿ ನೋಡುತ್ತಿದ್ದಳು. ಬಗ್ಗಿದಳೆಂದರೆ ಬೇರೆಯವಳೇ. ಉಸಿರು ಕೂಡ ಕೇಳಿಸುತ್ತಿರಲಿಲ್ಲ.

ಐದನೇ ದಿನ ಅಂದಳು: “ಬಿಚ್ಚಕ್ಕ.”

“ಏನಾಗೈತೆ?”

“ಮೂರನೇ ಕಾಯಿ ತೊಟ್ಟಿನ ಹತ್ರ ಒಂದೆಳೆ ಬಿಟ್ಟೈತೆ.”

“ಒಂದೆಳೆ ಯಾರಿಗೆ ಕಾಣ್ತೈತೆ, ಸುಮ್ನಿರು.”

“ನಂಗೆ ಕಂಡೈತಲ್ಲ ಅಕ್ಕ,” ಅಂದಳು. ಅಣಕ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಅಪ್ಪ ತನ್ನ ಮಗ್ಗದಿಂದಲೇ “ಬಿಚ್ಚು” ಅಂದ.

ಒಂದು ದಿನದ ಕೆಲಸ ಬಿಚ್ಚಿದೆ. ಬಿಚ್ಚುತ್ತಾ ಕಣ್ಣೀರು ಹಾಕಿದೆ. ಸೀರೆ ಇಳಿದಾಗ ಸಾವ್ಕಾರರು ಎರಡೂ ಕಡೆ ನೋಡಿ, “ನಡೀತೈತೆ” ಅಂದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಅದು ನನಗೆ ಸಿಕ್ಕಿದ್ದು ಪಾರಿಯ ಕಣ್ಣಿನಿಂದ. ಅದನ್ನೇ ನಾನು ಅವಳ ಮೇಲಿನ ಹಗೆಯಾಗಿ ಇಟ್ಟುಕೊಂಡೆ.

ಆಮೇಲೆ ಪಾರಿ ಕೂತಳು. ಗಿಳಿ ಬುಟ್ಟಾದ ಸೀರೆ. ಮೊದಲ ದಿನವೇ ನನಗೆ ಗೊತ್ತಾಯಿತು, ಅವಳ ಕೈ ನನ್ನ ಕೈಗಿಂತ ಮೇಲು. ನಾನು ಮಗ್ಗದ ಜೊತೆ ಗುದ್ದಾಡುತ್ತಿದ್ದೆ. ಅವಳು ಲಾಳಿಯನ್ನು ಬೆಕ್ಕಿನ ಮರಿಗೆ ಆಟ ಕಲಿಸುವ ಹಾಗೆ ಅತ್ತ ಇತ್ತ ಓಡಿಸುತ್ತಿದ್ದಳು. ಮಗ್ಗದ ಸದ್ದು ಕೇಳಿದರೆ ತಾತನೇ ಕೂತಿದ್ದಾನೆ ಅನ್ನಿಸುತ್ತಿತ್ತು. ಅವ್ವ ಒಲೆಯ ಮುಂದೆ ಮುದ್ದೆ ಕೋಲು ಹಿಡಿದವಳು ಹಾಗೇ ನಿಂತು ಕೇಳುತ್ತಿದ್ದಳು. ನನ್ನ ಮಗ್ಗದ ಸದ್ದಿಗೆ ಒಮ್ಮೆಯೂ ಹಾಗೆ ನಿಂತಿರಲಿಲ್ಲ.

ಆ ದಿನಗಳಲ್ಲಿ ಅಪ್ಪ ಸಂಜೆ ಹೊತ್ತು ನೂಲಿನ ಲೆಕ್ಕಕ್ಕೆ ಸಾವ್ಕಾರರ ಮನೆಗೆ ಹೋಗಿರುತ್ತಿದ್ದ. ನಾಲ್ಕನೇ ದಿನ ಸಂಜೆ ನಾನು ಕನ್ನಡಿ ತೂರಿಸಿ ಬಗ್ಗಿದೆ. ಹಸಿರು ಗಿಳಿ, ಕೆಂಪು ಕೊಕ್ಕು, ರೆಕ್ಕೆಯ ಜರಿ ಎಲ್ಲ ಸರಿ. ಕಣ್ಣಿಲ್ಲ. ಪಕ್ಕದ ಗಿಳಿ ನೋಡಿದೆ, ಅದಕ್ಕೂ ಇಲ್ಲ. ಅಂದು ನೇಯ್ದ ಒಂದಕ್ಕೂ ಕಣ್ಣಿಲ್ಲ. ಕಣ್ಣಿನ ಎಳೆ ಎತ್ತುವ ದಾರ ಎಲ್ಲೋ ಸಡಿಲಾಗಿರಬೇಕು. ದಾರ ಬಿಗಿದು ಒಂದು ದಿನದ ಕೆಲಸ ಬಿಚ್ಚಿದರೆ ಮುಗಿಯಿತು. ಮೇಲಿನಿಂದ ಅವಳಿಗೆ ಅದು ಕಾಣುವ ಹಾಗಿರಲಿಲ್ಲ.

“ಬಿಚ್ಚಲಾ, ಸುತ್ತಲಾ?” ಅಂತ ಪಾರಿ ಕೇಳಿದಳು.

‘ಸುತ್ತು’ ಅಂದಿದ್ದರೆ ಅದು ಸುಳ್ಳಾಗುತ್ತಿತ್ತು. ಆ ಸುಳ್ಳಿಗೂ ನನಗೆ ಧೈರ್ಯ ಬರಲಿಲ್ಲ. ಚಳ್ಳಕೆರೆಯ ಮಾತು ನಾಲಿಗೆಗೆ ಬಂತು. “ಸೂಪರ್,” ಅಂದೆ.

“ಹಂಗಂದ್ರೆ?”

“ಹೊಗಳೋ ಮಾತು. ಇಂಗ್ಲೀಷಿಂದು.”

“ನನ್ ಸೀರೆಗಾ?” ಅಂತ ಅವಳು ಕೈಯಲ್ಲಿದ್ದ ಲಾಳಿ ಕೆಳಗಿಟ್ಟಳು. ಆ ಮನೆಯಲ್ಲಿ ಹುಟ್ಟಿದಾಗಿನಿಂದ ಅವಳನ್ನು ಯಾರೂ ಹೊಗಳಿರಲಿಲ್ಲ. ಆ ಮುಖವನ್ನು ನಾನು ಬರೆಯಲಾರೆ. ಗಾಳಿ ಬಂದು ಊದುಬತ್ತಿಯ ತುದಿ ಕೆಂಪಾಗುವ ಹಾಗೆ ಆಯಿತು ಅಂತ ಮಾತ್ರ ಹೇಳಬಲ್ಲೆ.

ಮೂಲೆಯಲ್ಲಿ ನೂಲು ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತಿದಳು. “ಏನೇ ಅದು ಸೂಪರು ಗೀಪರು? ತಪ್ಪು ಐತೋ ಇಲ್ವೋ, ಅದ್ನ ಒದರು.”

“ತಪ್ಪಿಲ್ಲ ಅನ್ನೋದಕ್ಕಿಂತ ಮ್ಯಾಲಿನ ಮಾತು ಕಣಜ್ಜಿ,” ಅಂದೆ.

“ನಮ್ ಮನ್ಯಾಗೆ ಅದಕ್ಕಿಂತ ಮ್ಯಾಲೆ ಏನೈತೆ?” ಅಂತ ಅಜ್ಜಿ ಗೊಣಗಿಕೊಂಡಳು. ಅಷ್ಟರಲ್ಲಿ ಪಾರಿ ಸುತ್ತಿಬಿಟ್ಟಿದ್ದಳು.

ಆಮೇಲೆ ಪ್ರತಿ ಸಂಜೆ ನಾನು ಬಗ್ಗಿ ನೋಡುತ್ತಿದ್ದೆ, ಕುರುಡು ಗಿಳಿಗಳು ಕನ್ನಡಿಯೊಳಗೆ ಸಾಲಾಗಿ ಕೂತಿರುತ್ತಿದ್ದವು. “ಇವತ್ತೂ ಅದೇನಾ ಅಕ್ಕ?” ಅಂತ ಪಾರಿ ಕೇಳುತ್ತಿದ್ದಳು. “ಹೂಂ, ಅದೇ,” ಅನ್ನುತ್ತಿದ್ದೆ. ಬಾವಿಯ ಹತ್ತಿರದ ಹುಡುಗಿಯರಿಗೂ ಅವಳು ಹೇಳಿಕೊಂಡು ಬಂದಳು, ನಮ್ಮಕ್ಕ ನನ್ನ ಸೀರೆಗೆ ಸೂಪರ್ ಅಂದಳು ಅಂತ. ದಿನಕ್ಕೊಂದು ಸಲ ಬಾಯಿ ತೆರೆದರೆ ಸಾಕಿತ್ತು. ತೆರೆದೆ, ಆ ಹೊಲಸು ಮಾತಿಗೆ.

ಸೀರೆ ಇಳಿದ ದಿನ ಸಾವ್ಕಾರರು ಚಾಪೆಯ ಮೇಲೆ ಹರಡಿಸಿದರು. ಬೆರಳಿನಿಂದ ಒಂದು ಗಿಳಿ ಮುಟ್ಟಿದರು, ಇನ್ನೊಂದು ಮುಟ್ಟಿದರು. ಅಪ್ಪನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಮೊದ್ಲಿನ ನಾಕು ಸಾಲು ಬಿಟ್ರೆ ಒಂದಕ್ಕೂ ಕಣ್ಣಿಲ್ವಲ್ಲೋ.”

ಅಪ್ಪ ಕೇಳಿದ್ದು ಒಂದೇ ಮಾತು. “ಕನ್ನಡಿ ಹಿಡಿದೋರು ಯಾರು?”

ಪಾರಿ ನನ್ನನ್ನೊಮ್ಮೆ ನೋಡಿ, ಚಾಪೆಯ ಕಡೆ ಕಣ್ಣಿಳಿಸಿದಳು. “ಯಾರೂ ಹಿಡೀಲಿಲ್ಲಪ್ಪ. ನಾನೇ ಬ್ಯಾಡ ಅಂದೆ.”

ಅಪ್ಪ ಹೊಡೆಯಲಿಲ್ಲ. ಕನ್ನಡಿ ಬೇಡ ಅನ್ನುವವಳಿಗೆ ಮಗ್ಗ ಬೇಡ ಅಂದ, ಅಷ್ಟೇ. ಅಜ್ಜಿ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ಗೊತ್ತಿತ್ತು. ಆದರೂ ಇಬ್ಬರಲ್ಲಿ ಒಬ್ಬಳಾದರೂ ಮಗ್ಗದಲ್ಲಿ ಉಳಿಯಲಿ ಅಂತಲೋ ಏನೋ, ಬಾಯಿ ಬಿಡಲಿಲ್ಲ.

ಪಾರಿ ಹೊರಡುವ ಹಿಂದಿನ ದಿನ ಇಬ್ಬರೂ ಅವಳ ಬಟ್ಟೆ ಮಡಿಸುತ್ತಿದ್ದೆವು. “ಅಕ್ಕ, ನಿಂಗೆ ಕಾಣ್ಲೇ ಇಲ್ವಾ?” ಅಂದಳು.

“ಇಲ್ಲ.”

ಅವಳು ಲಂಗದ ಮಡಿಕೆಯನ್ನು ಎರಡೆರಡು ಸಲ ನೀವಿದಳು. “ಸಂಜೆ ಅಲ್ವಾ, ಬೆಳಕು ಕಮ್ಮಿ ಇತ್ತೇನೋ ಬಿಡು,” ಅಂದಳು. ತಪ್ಪಿಸಿಕೊಳ್ಳುವ ದಾರಿಯನ್ನೂ ನನಗೆ ಅವಳೇ ಹುಡುಕಿಕೊಟ್ಟಳು. ನಾನು ತಲೆ ಆಡಿಸಿದೆ. ಮಾರನೆಯ ದಿನ ಬಸ್ಸಿಗೆ ಹತ್ತಿಸಿ ಬಂದು ಮಗ್ಗಕ್ಕೆ ಕೂತೆ.

ಅವಳು ಮತ್ತೆ ಲಾಳಿ ಮುಟ್ಟಲಿಲ್ಲ. ಅತ್ತೆಯ ಮನೆಯಲ್ಲಿ ಐದು ವರ್ಷ ದುಡಿದಳು, ಚಳ್ಳಕೆರೆಯಲ್ಲೇ ಮದುವೆಯಾಯಿತು. ಈಗ ಬಸ್‌ ಸ್ಟ್ಯಾಂಡಿನ ಹಿಂದೆ ಸೀರೆಗಳಿಗೆ ಫಾಲ್ ಹೊಲಿದು ಕುಚ್ಚು ಕಟ್ಟುತ್ತಾಳೆ. ಬೇರೆಯವರು ನೇಯ್ದ ಸೀರೆಗಳ ತುದಿಗೆ. ನನ್ನ ಮದುವೆಯಾದದ್ದು ಮೊಳಕಾಲ್ಮೂರಿನಲ್ಲೇ, ಇನ್ನೊಂದು ಮಗ್ಗದ ಮನೆಗೆ. ನಾನು ನೇಯ್ದ ಸೀರೆಗಳ ಫೋಟೋಗಳನ್ನು ಮಗ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ಸೂಪರ್, ಸೂಪರ್, ಸೂಪರ್ ಅಂತ ಸಾಲಾಗಿ ಬಂದು ಬೀಳುತ್ತವೆ. ಮಜ್ಜಿಗೆಗೂ ಅದನ್ನೇ ಅನ್ನುವ ಜನ. ನನಗೆ ಅದನ್ನು ಓದಿದಾಗಲೆಲ್ಲ ಯಾರೋ ನನ್ನನ್ನು ಹೆಸರು ಹಿಡಿದು ಕರೆದ ಹಾಗಾಗುತ್ತದೆ.

ಹೋದ ತಿಂಗಳು ಗಿಳಿ ಬುಟ್ಟಾದ ಸೀರೆಯನ್ನು ಮಗ್ಗಕ್ಕೆ ಹಾಕಿದ್ದೆ. ಒಂದು ಸಂಜೆ ಏನನ್ನಿಸಿತೋ, ಕಣ್ಣಿನ ಎಳೆ ಎತ್ತುವ ದಾರವನ್ನು ನಾನೇ ಸಡಿಲ ಮಾಡಿ ಒಂದು ಸಾಲು ಗಿಳಿ ನೇಯ್ದೆ. ಸುತ್ತದೆ, ಕೆಳಗೆ ಕನ್ನಡಿಯಿಟ್ಟು ಅದರೊಳಗಿನ ಗಿಳಿಗಳ ಫೋಟೋ ತೆಗೆಸಿ ಪಾರಿಗೆ ಒಬ್ಬಳಿಗೇ ಕಳಿಸಿದೆ. ಬಿಡಿಸಿ ಹೇಳುವ ಬಾಯಿ ಇಷ್ಟು ವರ್ಷವಾದರೂ ನನಗೆ ಬಂದಿಲ್ಲ. ಹೀಗಾದರೂ ಕೇಳಲಿ, ಬೈಯಲಿ ಅಂತ. ಸೊಪ್ಪಿನಲ್ಲಿ ಕೂದಲು ಹುಡುಕುವಂಥ ಕಣ್ಣು ಅವಳದು, ಅದು ಕಾಣದೆ ಇರಲಾರದು. ‘ಬಿಚ್ಚಕ್ಕ’ ಅನ್ನುವ ಒಂದು ಮಾತಿಗೆ ಫೋನು ತೊಡೆಯ ಮೇಲಿಟ್ಟುಕೊಂಡು ಕಾದೆ.

ಉತ್ತರ ಬಂತು. “ಸೂಪರ್ ಅಕ್ಕ.”

ನೋಡದೆ ಬರೆದಳೋ, ನೋಡಿ ಬರೆದಳೋ ಗೊತ್ತಿಲ್ಲ. ನೋಡದೆ ಬರೆದಿದ್ದರೆ ಆ ಕಣ್ಣನ್ನು ಕೆಡಿಸಿದವಳು ನಾನು. ನೋಡಿ ಬರೆದಿದ್ದರೆ ಅವಳು ನನ್ನ ಮಾತನ್ನು ನನಗೇ ತಿರುಗಿಸಿದಳು. ನನ್ನ ಕೆಲಸವನ್ನು ತಪ್ಪು ಹುಡುಕುವಷ್ಟು ಪ್ರೀತಿಯಿಂದ ನೋಡುವವಳು ಈ ಲೋಕದಲ್ಲಿ ಒಬ್ಬಳಿದ್ದಳು, ಈಗ ಇಲ್ಲ.

ಫೋನು ಮಗನ ಕೈಗೆ ಕೊಟ್ಟು, ಗುಂಡಿಗೆ ಕಾಲು ಇಳಿಬಿಟ್ಟು ಕೂತೆ. “ಬಿಚ್ಚು,” ಅಂತ ನನಗೆ ನಾನೇ ಹೇಳಿಕೊಂಡು, ಒಂದೊಂದೇ ಎಳೆ ಬಿಚ್ಚತೊಡಗಿದೆ.