ವಿಲ್ಫ್‌ನ ವೈರಿ ಮತ್ತು ಗೋಡೆಯ ತೂತು

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸಿನಲ್ಲಿ ಗುಡ್ಡದ ಮೇಲಿನ ಮನೆಸಾಲಿನಲ್ಲಿ ವಿಲ್ಫ್ ಹಾರ್ಸ್‌ಫಾಲ್‌ಗೆ ಇದ್ದದ್ದು ಒಬ್ಬನೇ ವೈರಿ, ಸಂದಿಯಿಂದ ನುಸುಳುವ ಗಾಳಿ. ಮದುವೆಯಾದ ವರ್ಷವೇ ಹೆಂಡತಿ ಡೋರೀನ್ ನ್ಯುಮೋನಿಯಾ ಹಿಡಿದು ಸಾವಿನ ಬಾಯಿಗೆ ಹೋಗಿ ಬಂದಿದ್ದಳು. ಅಂದಿನಿಂದ ವಿಲ್ಫ್ ಗಾಳಿಯ ಮೇಲೆ ಹಲ್ಲು ಮಸೆಯುತ್ತಲೇ ಇದ್ದ. ಕಾರ್ಪೆಟ್ ಗಿರಣಿಯಿಂದ ನಿವೃತ್ತನಾದ ಮೇಲಂತೂ ಅವನಿಗೆ ಅದೇ ಉದ್ಯೋಗ. ಬೀಗದ ಕಿಂಡಿಗೆ ಹತ್ತಿ, ಕಿಟಕಿಯ ಸಂದಿಗೆ ಹಳೆಯ ಕಾಲುಚೀಲ, ಬಾಗಿಲ ಬುಡಕ್ಕೆ ನಾಯಿಯ ಆಕಾರದ ಉದ್ದನೆಯ ಮರಳಿನ ದಿಂಬು. ಬಂದವರು ಬಾಗಿಲು ಹಾಕುವುದು ಚೂರು ತಡವಾದರೆ, ಅವರು ಚರ್ಚಿನ ಪಾದ್ರಿಯೇ ಆಗಿರಲಿ, "ನಿಮ್ಮಪ್ಪ ಬಂದು ಹಾಕ್ತಾನಾ?" ಎಂದು ಕೇಳಿಬಿಡುತ್ತಿದ್ದ.

ಹೀಗಿರುವಾಗ ಡೋರೀನ್‌ಗೆ ಚಿಮಣಿ ಬೇಡದ ಗ್ಯಾಸ್ ಅಗ್ಗಿಷ್ಟಿಕೆಯ ಆಸೆ ಹತ್ತಿತು. ತಂಗಿಯ ಮನೆಯಲ್ಲಿ ನೋಡಿ ಬಂದಿದ್ದಳು. ವಿಲ್ಫ್ ಕೇಳಿದ್ದೇ ತಡ ಕುಣಿದಾಡಿದ. ಚಿಮಣಿಯೆಂದರೆ ಮನೆಯ ಅತಿ ದೊಡ್ಡ ತೂತು. ಅದನ್ನು ಮುಚ್ಚಲು ತಾನೇ ಇಟ್ಟಿಗೆ ಹೊತ್ತು ತಂದ.

ಗ್ಯಾಸ್ ಕೆಲಸದ ನಸ್ರೀನ್ ಬಂದಳು. ಕೋಣೆ ಅಳೆದಳು. ಆಮೇಲೆ ಹೊರಗೋಡೆಯ ಮೇಲೆ ಪೆನ್ಸಿಲಿನಿಂದ ಒಂದು ವೃತ್ತ ಬರೆದಳು.

"ಇಲ್ಲಿ ತೂತು ಕೊರೀಬೇಕು, ಯಜಮಾನ್ರೇ."

"ಯಾತಕ್ಕಮ್ಮಾ?"

"ಗಾಳಿ ಬರೋಕೆ."

ವಿಲ್ಫ್ ಕುರ್ಚಿ ಹಿಡಿದುಕೊಂಡ. "ಗಾಳಿ ಬರ್ಲಿ ಅಂತ ನಾನೇ ದುಡ್ಡು ಕೊಟ್ಟು ತೂತು ಹೊಡಿಸ್ಬೇಕಾ?"

"ಇದಕ್ಕೆ ಚಿಮಣಿ ಇಲ್ವಲ್ಲ, ಉರಿದಿದ್ದೆಲ್ಲ ಇದೇ ರೂಮಿಗೇ ಬರುತ್ತೆ. ಗಾಳಿ ಸಾಲ್ದೆ ಹೋದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬ್ಕೊಳ್ಳುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು ಅಂತ ಮಲಗಿದವ್ರು ಏಳೋದೇ ಇಲ್ಲ. ಅಲಾರಂ ಹಾಕ್ತೀನಿ. ಆದ್ರೆ ಈ ತೂತು ಮಾತ್ರ ಯಾವತ್ತೂ ಮುಚ್ಚಕೂಡ್ದು."

"ಆಯ್ತು ಬಿಡಮ್ಮ," ಎಂದ ವಿಲ್ಫ್, ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು.

ನವೆಂಬರಿನಲ್ಲಿ ಮೂಡಣ ಗಾಳಿ ಎದ್ದಿತು. ತೂತಿನಿಂದ ಬಂದ ಗಾಳಿ ನೇರವಾಗಿ ಡೋರೀನ್‌ಳ ಕತ್ತಿಗೆ ತಾಗುವುದನ್ನು ವಿಲ್ಫ್ ನೋಡಿದ. ನೋಡಿ ಸುಮ್ಮನಿರಲು ಅವನಿಂದಾಗಲಿಲ್ಲ. ಅವಳು ಅಂಗಡಿಗೆ ಹೋದಾಗ, ರಾಜಮನೆತನದ ಮದುವೆಯ ಚಿತ್ರವಿದ್ದ ಪಾತ್ರೆ ಒರೆಸುವ ಬಟ್ಟೆಯನ್ನು ಸುರುಳಿ ಸುತ್ತಿ ತೂತಿಗೆ ತುರುಕಿದ. ಮೇಲೆ ಕುರಿಗಳ ಕ್ಯಾಲೆಂಡರ್ ನೇತುಹಾಕಿದ. ಆ ಸಂಜೆ ಅವನಷ್ಟು ಸುಖಿ ಗುಡ್ಡದಲ್ಲೇ ಇರಲಿಲ್ಲ.

ಎರಡು ದಿನಕ್ಕೆ ಡೋರೀನ್ ಹಣೆ ಒತ್ತಿಕೊಂಡಳು. "ತಲೆ ಸಿಡೀತಿದೆ ಕಣೋ."

"ತಂಗಿ ಜೊತೆ ಫೋನಲ್ಲಿ ಅಷ್ಟು ಹೊತ್ತು ಹರಟಿದ್ರೆ ಇನ್ನೇನಾಗುತ್ತೆ?" ಎಂದನಾದರೂ ಅವನ ತಲೆಯೂ ನೋಯುತ್ತಿತ್ತು. ಎಲ್ಲಿಂದಲೋ ಇನ್ನೂ ಗಾಳಿ ಬರುತ್ತಿದೆ, ಅದೇ ಇಬ್ಬರಿಗೂ ತಾಗಿದೆ ಎಂದು ತೀರ್ಮಾನಿಸಿದ. ಮನೆಯೆಲ್ಲ ಜಾಲಾಡಿ, ಉಳಿದಿದ್ದ ಸಂದಿಗಳಿಗೂ ಟೇಪು ಬಡಿದ. ಇಂಥ ಬುದ್ಧಿವಂತಿಕೆಗೆ ಏನೆನ್ನಬೇಕೋ!

ಭಾನುವಾರ ಊಟದ ಹೊತ್ತಿಗೆ ಅಲಾರಂ ಕಿರುಚಿಕೊಂಡಿತು. ಡೋರೀನ್ ತಡವರಿಸುತ್ತ ಎದ್ದು ಗ್ಯಾಸ್ ಆರಿಸಿ, ಗಂಡನ ಕಾಲರ್ ಹಿಡಿದು ಬೀದಿಗೆ ಎಳೆದಳು. ಹೊಸ್ತಿಲು ದಾಟಿದವನೇ ವಿಲ್ಫ್ ಹಿಂದಿರುಗಿ ಬಾಗಿಲು ಮುಚ್ಚಲು ಕೈಹಾಕಿದ.

"ಬಿಡೇ, ಬೆಚ್ಚಗಿರೋದೆಲ್ಲ ಹೊರಟೋಗುತ್ತೆ!"

"ತೆಗೆದಿಡೋ, ಮುಠ್ಠಾಳ!" ಎಂದು ಪಕ್ಕದ ಮನೆಯ ಗ್ಲೆನಿಸ್ ಕೂಗಿದಳು. ಆಂಬುಲೆನ್ಸಿಗೆ ಫೋನ್ ಮಾಡಿದವಳೂ ಅವಳೇ.

ಡೋರೀನ್ ಮೋಟುಗೋಡೆಯ ಮೇಲೆ ಕುಸಿದು ವಾಂತಿ ಮಾಡಿದಳು. ಮುಖ ಬಿಳುಚಿಕೊಂಡಿತ್ತು. ವಿಲ್ಫ್ ಬೈಗುಳಕ್ಕೆ ಕಾದ. ಮದುವೆಯಾದಾಗಿನಿಂದ ಒಂದು ದಿನವೂ ಬೈಗುಳ ತಪ್ಪಿಸದ ಹೆಂಗಸು ಸುಮ್ಮನೆ ಕೂತಿದ್ದಳು.

"ಡೋರೀನ್, ಬಯ್ಯೇ. ಏನಾದ್ರೂ ಬಯ್ಯೇ."

ವಿಲ್ಫ್ ಅಲ್ಲೇ ಬೀದಿಯಲ್ಲಿ ಅತ್ತುಬಿಟ್ಟ. "ತೂತಿಗೆ ಬಟ್ಟೆ ತುರುಕಿದ್ದು ನಾನೇ ಕಣೇ. ನಿಂಗೆ ಗಾಳಿ ತಾಗುತ್ತೆ ಅಂತ."

"ಯಾವ ಬಟ್ಟೆ?" ಕ್ಷೀಣವಾಗಿ ಕೇಳಿದಳು.

"ರಾಜಕುಮಾರನ ಮದುವೇದು."

"ಅಯ್ಯೋ ಕತ್ತೆ! ಅದನ್ನ ಎಲ್ಲೆಲ್ಲಿ ಹುಡುಕ್ದೆನೋ ನಾನು!"

ವಿಲ್ಫ್‌ಗೆ ಹೋದ ಜೀವ ಬಂದಂತಾಯಿತು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟು ಮರುದಿನ ಕಳಿಸಿದರು. ನಸ್ರೀನ್ ಬಂದು ಎಲ್ಲ ಪರೀಕ್ಷಿಸುವವರೆಗೆ ಅಗ್ಗಿಷ್ಟಿಕೆ ಹಚ್ಚಲಿಲ್ಲ. ಬಟ್ಟೆಯನ್ನು ವಿಲ್ಫ್ ತನ್ನ ಕೈಯಾರೆ ಕಿತ್ತ, ಟೇಪನ್ನೂ ಸುಲಿದ. ಆದರೆ ಗಾಳಿ ಡೋರೀನ್‌ಳ ಕತ್ತಿಗೆ ಬೀಸುವುದು ಬಿಡಬೇಕಲ್ಲ. ತನ್ನ ಕುರ್ಚಿಯನ್ನು ತೂತಿಗೂ ಅವಳಿಗೂ ನಡುವೆ ಎಳೆದುಕೊಂಡು, ಕೋಟು, ಟೋಪಿ, ಕೈಗವಸು ಹಾಕಿಕೊಂಡು, ಗಾಳಿಗೆ ಬೆನ್ನು ಕೊಟ್ಟು ಕೂತ. ಬೆಂಕಿ ಎದುರಿಗೇ ಉರಿಯುತ್ತಿದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು.

"ಗೋಡೆಗೆ ಅಂಟ್ಕೊಂಡು ಕೂತ್ರೆ ಅದೂ ಮುಚ್ಚಿದ ಹಾಗೇ ಅಲ್ವೇನೋ?" ಎಂದಳು ಡೋರೀನ್. "ಈಚೆ ಬಾ."

ಅವನು ಒಂದು ಗೇಣು ಸರಿದ.

"ಇನ್ನೂ ಈಚೆ," ಎಂದು ಅವಳು ತನ್ನ ಕಂಬಳಿಯ ಅರ್ಧವನ್ನು ಎತ್ತಿ ಹಿಡಿದಳು.